ಮೇಲಿಂದ ಕೆಳಗೆ ಬರೆದ ಆರು ಗೆರೆ

ಸ್ಫೂರ್ತಿ, ವಿನಯ್, ನಾಚಿಕೆಯ ಹೆಂಗಸು ಒಂಟಿಯಾದರೆ ಏನು ಮಾಡುತ್ತಾಳೆ ಗೊತ್ತೇ? ಪಕ್ಕದ ಮನೆಯವರನ್ನು ಕೇಳಲಾರದೆ ಪರದೇಶದವರನ್ನು ಕೇಳುತ್ತಾಳೆ. ನಿಮ್ಮ ಅಜ್ಜ ಹೋದ ಮೇಲೆ ಬಳ್ಳಾರಿಯ ಈ ಎರಡು ಕೋಣೆಯಲ್ಲಿ ದಿನವೂ ನನ್ನ ಜೊತೆ ಮಾತಾಡುವುದು ಕುಕ್ಕರ್ ಒಂದೇ. ಅದೂ ಒಬ್ಬಳ ಅನ್ನಕ್ಕೆ ಬೇಗ ಕೂಗಿ ಸುಮ್ಮನಾಗಿಬಿಡುತ್ತದೆ.

ಹೀಗಿರುವಾಗ ಸಿರುಗುಪ್ಪದಿಂದ ಗಂಗವ್ವ ಫೋನ್ ಮಾಡಿದಳು. ಕುರುಗೋಡಿನ ಶಾಲೆಯಲ್ಲಿ ನನ್ನ ಪಕ್ಕ ಕೂತು ಕಲಿತವಳು, ಈಗ ನನ್ನ ಹಾಗೇ ಒಂಟಿ. "ಲೇ ಸುಶೀಲಿ, ಒಂದು ತಿಂಗಳು ಬಂದು ಇರು. ಒಬ್ಬಾಕಿಗೆ ರೊಟ್ಟಿ ಬಡ್ಯಾಕ ಬ್ಯಾಸರ ಆಗೇತಿ" ಎಂದಳು. ಹೋಗಲು ಜೀವ ತುಡಿಯಿತು. ಆದರೆ ಹೋಗಿ ಹೊರೆಯಾದರೆ? ಇರುವ ಒಬ್ಬ ಗೆಳತಿಯೂ ಬೇಸತ್ತರೆ? "ನೋಡಿ ಹೇಳ್ತೀನಿ" ಎಂದೆ.

ನೋಡಿದ್ದು, ಸ್ಫೂರ್ತಿ ರಜೆಯಲ್ಲಿ ಬಿಟ್ಟುಹೋದ ಚೀನೀ ಶಕುನದ ಪುಸ್ತಕವನ್ನು. ಮೂರು ನಾಣ್ಯಗಳನ್ನು ಆರು ಸಲ ಎಸೆಯಬೇಕು. ಒಂದು ಬದಿಗೆ ಮೂರು ಅಂಕ, ಇನ್ನೊಂದಕ್ಕೆ ಎರಡು. ಪ್ರತಿ ಸಲ ಕೂಡಿದಾಗ ಬೆಸ ಬಂದರೆ ಇಡೀ ಗೆರೆ, ಸಮ ಬಂದರೆ ನಡುವೆ ತುಂಡಾದ ಗೆರೆ. ಇಲ್ಲಿನ ಅಂಗಡಿಯವರು ಮುಟ್ಟದ ಹತ್ತು ರೂಪಾಯಿ ನಾಣ್ಯಗಳು ನನ್ನಲ್ಲಿದ್ದವು. ಬಳ್ಳಾರಿಯಲ್ಲಿ ನಡೆಯದಿದ್ದರೇನು, ಚೀನಾದಲ್ಲಿ ನಡೆದಾವು ಎಂದು ಎಸೆದೆ. ಮೊದಲ ಮೂರು ಗೆರೆ ಇಡಿಯವು, ಆಮೇಲಿನ ಮೂರು ತುಂಡಿನವು. ಶಾಲೆಯ ಪಾಟಿಯ ಮೇಲೆ ಬರೆಯುತ್ತಿದ್ದಂತೆ ಒಂದರ ಕೆಳಗೊಂದು ಬರೆದೆ. ಪುಸ್ತಕದ ಪ್ರಕಾರ ಮೂರು ಇಡೀ ಗೆರೆ ಆಕಾಶ, ಮೂರು ತುಂಡು ಗೆರೆ ಭೂಮಿ. ಆ ಚಿತ್ರದ ಫಲ ಹೀಗಿತ್ತು: ಮೇಲೆ ಆಕಾಶ, ಕೆಳಗೆ ಭೂಮಿ, ಎರಡೂ ದೂರವಾಗುತ್ತಿವೆ, ದಾರಿ ಮುಚ್ಚಿದೆ.

"ಬರಾಕ ಆಗಂಗಿಲ್ಲ, ಪುಸ್ತಕದಾಗ ಬ್ಯಾಡ ಅಂದೈತಿ" ಎಂದೆ ಗಂಗವ್ವನಿಗೆ.

"ಯಾವ ಪುಸ್ತಕ?"

"ಚೀನಾದ್ದು."

"ಕರದಾಕಿ ನಾನು. ಚೀನಾದವ್ರು ನನ್ನ ಮನಿ ನೋಡ್ಯಾರೇನು?" ಎಂದು ಫೋನ್ ಇಟ್ಟಳು. ಆಮೇಲೆ ಮಾಡಲೇ ಇಲ್ಲ.

ಆ ಮೌನ ತಡೆಯಲಾರದೆ ಪುಸ್ತಕವನ್ನು ಈ ಸಲ ಮೊದಲಿನಿಂದ ಓದಿದೆ. ಗೆರೆಗಳನ್ನು ಗೋಡೆ ಕಟ್ಟಿದಂತೆ ಕೆಳಗಿನಿಂದ ಮೇಲಕ್ಕೆ ಬರೆಯಬೇಕಂತೆ! ಹಾಗೆ ಬರೆದರೆ ಭೂಮಿ ಮೇಲೆ, ಆಕಾಶ ಕೆಳಗೆ. ಭೂಮಿ ಇಳಿಯುತ್ತದೆ, ಆಕಾಶ ಏರುತ್ತದೆ, ಎರಡೂ ಕೂಡುತ್ತವೆ. ಆ ಚಿತ್ರದ ಹೆಸರೇ ನೆಮ್ಮದಿ.

ನಾನೇ ಫೋನ್ ಮಾಡಿದೆ. "ಗೆರಿ ತಲಿಕೆಳಗ ಬರದಿದ್ನೆ. ಬರ್ಲೇನು?"

"ಈಗ ಹೂಂ ಅಂದವ್ರು ಯಾರು? ಚೀನಾದವ್ರಾ?"

"ಹೂಂ."

"ನಾ ಇನ್ನೂ ಅಂದಿಲ್ಲ."

ಇದಕ್ಕೆ ಪುಸ್ತಕದಲ್ಲಿ ಯಾವ ಗೆರೆಯೂ ಇರಲಿಲ್ಲ. ಕಡೆಗೆ ಹೇಗೋ ಅಂದೆ, "ನಂಗೂ ಒಬ್ಬಾಕಿ ಉಣ್ಣಾಕ ಆಗವಲ್ದು, ಗಂಗಿ."

"ಹಂಗನ್ನು. ಬಾ."

ನಾಳೆ ಹೊರಡುತ್ತೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ನಾಲ್ಕೇ ದಿನಕ್ಕೆ ಓಡಿಬಂದು ನಾನು ಸಿರುಗುಪ್ಪದ ನೀರು ಒಗ್ಗಲಿಲ್ಲ ಎಂದರೆ, ತೆಗೆದು ನನಗೇ ಓದಿ ಹೇಳಿ.