ಪೆಟ್ರೋಲಿನ ವಾಸನೆಯೂ ನನ್ನ ನೌಕರಿಯೂ

ಕೆಟ್ಟು ನಿಂತ ಮೋಟಾರನ್ನು ನಾನು ಎಂದೂ ಬೈದವನಲ್ಲ. ಕೆಟ್ಟಿದೆ, ನಿಂತಿದೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ನನ್ನನ್ನು ಹಣ್ಣುಗಾಯಿ ಮಾಡಿದ್ದೆಲ್ಲ ಚೆನ್ನಾಗಿ ಓಡುತ್ತಲೇ ಕಾಟ ಕೊಟ್ಟ ಮೋಟಾರುಗಳು. ಇಂಥವು ಎಲ್ಲರಿಗೂ ಗಂಟುಬೀಳುತ್ತವೋ, ನನ್ನ ಮನೆ ಎಲ್ಲಿ ಎಂದು ಕೇಳಿಕೊಂಡೇ ಬರುತ್ತವೋ, ಇವತ್ತಿಗೂ ತಿಳಿದಿಲ್ಲ.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಮೂಡಲಗಿಯ ಬೆಲ್ಲದ ವ್ಯಾಪಾರಿಯೊಬ್ಬರಲ್ಲಿ ನಾನು ಡ್ರೈವರ್. ಊರೆಲ್ಲ ಅವರನ್ನು ಸಾವುಕಾರ್ರು ಎನ್ನುತ್ತಿತ್ತು. ಅವರ ಮೋಟಾರಿಗೆ ಮುಂದೆ ಇಬ್ಬರು ಕೂರುವಷ್ಟು ಗೂಡು, ಹಿಂದೆ ಬೆಲ್ಲದ ಪೆಂಟಿ ಹೇರಲು ತೆರೆದ ತೊಟ್ಟಿ. ಪೆಟ್ರೋಲಿನ ಟಾಕಿ ಸೀಟಿನ ಕೆಳಗೇ ಇತ್ತು. ಅದನ್ನು ತುಂಬುವ ಕೊಳವೆ ಮತ್ತು ಮುಚ್ಚಳ ಸಾವುಕಾರ್ರು ಹತ್ತುವ ಬಾಗಿಲಿನ ಬಾಜೂ.

ಬೆಕ್ಕಿಲ್ಲದ ಮನೆ

ಫಾಲ್ಗುಣದ ಬಿಸಿಲು. ಗೋಕಾಕದ ಪೇಟೆಯಲ್ಲಿ ಬೆಲ್ಲ ಇಳಿಸಿ ಮರಳಿ ಹೊರಡುವಾಗ ಸಾವುಕಾರ್ರು ಗೂಡಿಗೆ ಹತ್ತಿದವರೇ ಮೂಗು ಮುಚ್ಚಿಕೊಂಡರು.

“ಏನಲೇ ಇದು ವಾಸನಿ?”

ಪೆಟ್ರೋಲಿನ ವಾಸನೆ. ನಾನು ಇಳಿದು ಮೋಟಾರಿನ ಕೆಳಗೆ ತೂರಿ ನೋಡಿದೆ. ಒಂದು ಹನಿಯೂ ಸೋರಿರಲಿಲ್ಲ, ನೆಲ ಒಣಗಿತ್ತು. ಹೊರಟೆವು. ದಾರಿಯಲ್ಲಿ ವಾಸನೆ ಇಲ್ಲ. ಬಿಸಿಲಲ್ಲಿ ನಿಂತೆವು, ವಾಸನೆ ಬಂತು. ಮತ್ತೆ ಹೊರಟೆವು, ಮಾಯವಾಯಿತು. ನಾಲ್ಕಾರು ದಿನ ಇದೇ ಆಟ, ನನಗೆ ತಲೆಬುಡ ತಿಳಿಯಲಿಲ್ಲ.

ಆಗ ಪೆಟ್ರೋಲ್ ಸಿಗುತ್ತಿದ್ದುದು ಸರ್ಕಾರದ ಚೀಟಿಯ ಮೇಲೆ, ಅದೂ ತೊಟ್ಟು ತೊಟ್ಟು. ಸಾವುಕಾರ್ರು ನನ್ನ ತೋಳು ಹಿಡಿದು ಅಂಗಿಯನ್ನು ಮೂಸಿದರು. ಸೀಟಿನ ಮೇಲೆ ಕೂತೂ ಕೂತೂ ಅಂಗಿಗೂ ಅದೇ ವಾಸನೆ ಹತ್ತಿತ್ತು.

“ಟಾಕ್ಯಾಗಿನ ಎಣ್ಣಿ ಕಡಿಮಿ ಆಗಾಕತ್ತೈತಿ. ನೆಲಕ್ಕ ಹನಿ ಇಲ್ಲ, ನಿನ್ನ ಅಂಗಿಗೆ ವಾಸನಿ ಐತಿ. ಎಲ್ಲಿ ಹೋಗಾಕತ್ತೈತಿ, ನೀನ ಹೇಳು.”

ಯುಗಾದಿಯ ತನಕ ಗಡುವು ಕೊಟ್ಟರು. ಅಷ್ಟರೊಳಗೆ ಎಣ್ಣೆ ಹೋಗುವ ದಾರಿ ಸಿಗದಿದ್ದರೆ ಅವರ ಹೆಂಡತಿಯ ತಮ್ಮ ಬಂದು ಮೋಟಾರು ಹೊಡೆಯುತ್ತಾನೆ. ಅಲ್ಲಿಯವರೆಗೆ ಅವರಿಲ್ಲದಾಗ ನಾನು ಟಾಕಿಯ ಮುಚ್ಚಳಕ್ಕೆ ಕೈ ಹಚ್ಚಕೂಡದು. ನೌಕರಿ ಹೋದರೆ ಇನ್ನೊಂದು ಸಿಕ್ಕೀತು. ಕಳ್ಳ ಎನ್ನಿಸಿಕೊಂಡು ಹೋದರೆ ಯಾರು ಕೊಡುತ್ತಾರೆ?

“ಸಾವುಕಾರ್ರ, ಬಿಸಲಿಗೆ ಆರಿ ಹೋಗಾಕತ್ತೈತ್ರಿ,” ಅಂದೆ.

“ಮುಚ್ಚಿದ ಟಾಕಿಯಿಂದ? ತಮ್ಮಾ, ನಮ್ಮ ಮನ್ಯಾಗ ಹಾಲಿನ ಗಡಿಗಿ ಬೆಕ್ಕು ಇಲ್ಲದನ ಆರಿದ್ದು ನಾ ಎಂದೂ ನೋಡಿಲ್ಲ.”

ಮಿಸ್ತ್ರಿಯ ಮೂಗು

ಗೋಕಾಕದಲ್ಲಿ ಮೋಟಾರು ರಿಪೇರಿಗೆ ಒಬ್ಬ ಮಿಸ್ತ್ರಿ ಇದ್ದ. ಸತ್ತ ಇಂಜಿನಿನ ಕಿವಿಯಲ್ಲಿ ಏನೋ ಹೇಳಿ ಎಬ್ಬಿಸುತ್ತಾನೆ ಎಂಬ ಹೆಸರು ಅವನಿಗೆ. ಸೀಟು ಎತ್ತಿಸಿ, ತಲೆಯನ್ನು ಪೂರ್ತಿ ಒಳಗೆ ಹಾಕಿ ದೀರ್ಘವಾಗಿ ಉಸಿರೆಳೆದ.

“ಏನೂ ವಾಸನಿ ಇಲ್ಲೋ ಮಾರಾಯಾ.”

ಪಕ್ಕದಲ್ಲಿದ್ದ ನನಗೆ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಮೂಗೇ ಕೆಟ್ಟಿತೇ ಎಂದು ಗಾಬರಿಯಾದೆ. ಅಷ್ಟರಲ್ಲಿ ಮಿಸ್ತ್ರಿ ಕಿಸೆಯಿಂದ ಡಬ್ಬಿ ತೆಗೆದು ಎರಡೂ ಹೊಳ್ಳೆಗೆ ತಪಕೀರು ಏರಿಸಿ, ಪೇಟೆ ನಡುಗುವಂತೆ ಸೀನಿದ.

“ಮಿಸ್ತ್ರೀ, ನಿಮಗ ವಾಸನಿ ಬರತೈತೇನ್ರಿ?”

“ಎಲ್ಲೀದು? ವರ್ಷಗಟ್ಲೆ ಆತು. ಅದಕ್ಕ ಪೆಟ್ರೋಲಿನ ಕೆಲಸದಾಗ ನನಗ ಒಂದಿನಾನೂ ತ್ರಾಸ ಆಗಿಲ್ಲ.”

ಮೂಸುವ ಕೆಲಸ ನನ್ನ ಪಾಲಿಗೆ ಬಂತು. ಅವನು ಬೆರಳಿಟ್ಟು ತೋರಿಸುವುದು, ನಾನು ಮೂಗು ಹಚ್ಚಿ ವರದಿ ಒಪ್ಪಿಸುವುದು. ಸೀಟು ಮೂಸಿದೆ, ಕೊಳವೆ ಮೂಸಿದೆ, ತೊಟ್ಟಿಯ ಹಲಗೆ ಮೂಸಿದೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ಮೂಗಿಗೆ ಎಲ್ಲವೂ ಒಂದೇ ಆಗಿ, ಮಿಸ್ತ್ರಿಯ ರುಮಾಲಿನಿಂದಲೇ ಪೆಟ್ರೋಲ್ ಸೋರುತ್ತಿದೆ ಎನಿಸತೊಡಗಿತು.

ನಾವಿದ್ದುದು ಬೆಲ್ಲದ ಪೇಟೆ. ಅಲ್ಲಿ ಮಾಲಿನ ಪರೀಕ್ಷೆ ನಡೆಯುವುದೇ ಕಣ್ಣು ಮೂಗಿನಿಂದ. ನಾನು ಮೂಸುವುದನ್ನು ಕಂಡು ಇಬ್ಬರು ಬಂದರು. ಅವರನ್ನು ಕಂಡು ಆರು ಮಂದಿ ಬಂದರು. ಯಾಕೆ ಏನು ಎಂದು ಯಾರೂ ಕೇಳಲಿಲ್ಲ, ಎಲ್ಲರೂ ಮೋಟಾರಿನ ಸುತ್ತ ಮೂಸುತ್ತ ನಿಂತರು. ಕೊನೆಗೆ ಒಬ್ಬ ಹಿರಿಯ ದಲಾಲಿ ಮುಂದಿನಿಂದ ಹಿಂದಿನವರೆಗೆ ಮೂಸಿ, ಕೈಯೊರೆಸಿಕೊಂಡು ತೀರ್ಪು ಕೊಟ್ಟ.

“ಬಣ್ಣ ಚಲೋ ಐತಿ. ಆದ್ರ ಗೂಡಿನ ಕಡೆ ಮಾಲಿಗೆ ಜರಾ ಹುಳಿ ಬಂದೈತಿ. ಸಾವುಕಾರ್ರಿಗೆ ಹೇಳು, ದರಾ ಇಳಸಬೇಕಾಗತೈತಿ.”

ಅವ್ವಾರ ಔಷಧ

ಸಾವುಕಾರ್ರ ತಾಯಿಗೆ ಸುದ್ದಿ ಮುಟ್ಟಿತು. ಅವರ ತವರು ಕೌಜಲಗಿ. ಜಗತ್ತಿನ ಯಾವ ರೋಗವೂ ಮೊದಲು ಕೌಜಲಗಿಯಲ್ಲಿ ಕಾಣಿಸಿಕೊಂಡು, ಅಲ್ಲೇ ವಾಸಿಯಾಗಿ, ಆಮೇಲೆ ಬೇರೆ ಊರಿಗೆ ಹೋಗುತ್ತದೆ ಎಂಬುದು ಅವರ ನಂಬಿಕೆ.

“ನಮ್ಮ ತವರಮನ್ಯಾಗ ಒಂದು ಎಮ್ಮಿಗೆ ಹಿಂಗ ಆಗಿತ್ತೋ. ನಿಂತಾಗ ಹಾಲ ಇಲ್ಲ, ಹೊಂಟಾಗ ಸುರೀತಿತ್ತು. ದೃಷ್ಟಿ ಆಗಿತ್ತು ಅದಕ್ಕ.”

ನಮ್ಮದು ನಿಂತಾಗ ಸುರಿಯುವ ಎಮ್ಮೆ ಎಂದು ಹೇಳಬೇಕೆಂದುಕೊಂಡೆ. ಹಿರಿಯರ ಮಾತು ಎಂದು ತಲೆಯಾಡಿಸಿ ಊಟಕ್ಕೆ ಹೋದೆ. ಕೈತೊಳೆದು ಹೊರಗೆ ಬಂದು ನೋಡುತ್ತೇನೆ, ಅವ್ವಾರು ಒಂದು ಕಬ್ಬಿಣದ ಬುಟ್ಟಿ ಕೆಂಡಕ್ಕೆ ಲೋಬಾನ ಹಾಕಿ, ದಟ್ಟ ಹೊಗೆ ಎಬ್ಬಿಸಿಕೊಂಡು, ಬಿಸಿಲಲ್ಲಿ ನಿಂತಿದ್ದ ಮೋಟಾರಿನ ಕಡೆಗೆ ನಡೆದಿದ್ದಾರೆ!

ಓಡಿಹೋಗಿ ಅಡ್ಡ ನಿಂತೆ.

“ಅವ್ವಾರ, ಬ್ಯಾಡ್ರಿ! ಬೆಂಕಿ ಹತ್ತತೈತ್ರಿ!”

“ಲೇ, ಇದು ದೇವರ ಮುಂದ ಇಡೂ ಬುಟ್ಟಿ. ದೇವರಿಗೆ ಯಾವಾಗರ ಬೆಂಕಿ ಹತ್ತೇತೇನೋ?”

“ದೇವರು ಪೆಟ್ರೋಲ್ ಕುಡ್ಯಾಂಗಿಲ್ರಿ ಅವ್ವಾರ!”

ಅವರು ಬುಟ್ಟಿಯನ್ನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿ ಹೇಳಿದರು, “ಏ, ಈ ಹುಡುಗ ಎಣ್ಣಿ ಕದ್ದಿಲ್ಲ ಬಿಡ್ರೋ. ಕುಡಿದಾನ.”

ನೊರೆಯ ಪರೀಕ್ಷೆ

ಮಿಸ್ತ್ರಿ ಒಂದು ಉಪಾಯ ಹೇಳಿಕೊಟ್ಟಿದ್ದ. ಸಾಬೂನಿನ ನೀರು ಹಚ್ಚಿದರೆ ಆವಿ ಹೊರಬರುವ ಕಡೆ ಗುಳ್ಳೆ ಏಳುತ್ತದಂತೆ. ಮನೆಯಲ್ಲಿ ಇದ್ದುದು ಒಂದೇ ಸವೆದ ಸಾಬೂನಿನ ತುಂಡು. ಹೆಂಡತಿ ಅದನ್ನು ಬಂಗಾರದಂತೆ ಸುತ್ತಿಟ್ಟಿದ್ದಳು.

“ನನ್ನ ಮಾರಿಗೆ ಇಲ್ಲದ್ದು ನಿಮ್ಮ ಗಾಡಿಗೇನ್ರಿ?” ಎಂದು ಅಂಟವಾಳಕಾಯಿ ನೆನೆಹಾಕಿ, ತಲೆಗೆ ತಿಕ್ಕಿಕೊಳ್ಳಲು ಮಾಡುವಂತೆ ಗಡಿಗೆ ತುಂಬ ನೊರೆ ಎಬ್ಬಿಸಿ ಕೊಟ್ಟಳು.

ಮೋಟಾರನ್ನು ಮನೆಯ ಮುಂದೆ ತಂದು ನಿಲ್ಲಿಸಿ, ಸೀಟು ಎತ್ತಿ ಬಳಿದೆ. ಎಲ್ಲ ಕಡೆ ಗುಳ್ಳೆ! ಟಾಕಿಗೆ ಗುಳ್ಳೆ, ಕೊಳವೆಗೆ ಗುಳ್ಳೆ, ಹಲಗೆಗೆ ಗುಳ್ಳೆ, ನನ್ನ ಮೊಣಕೈಗೂ ಗುಳ್ಳೆ. ಆ ಪರೀಕ್ಷೆಯ ಪ್ರಕಾರ ನಾನೂ ಸೋರುತ್ತಿದ್ದೆ.

ನೊರೆ ಇಳಿಯಲಿ ಎಂದು ಕಾದು ಕೂತೆ. ಎಲ್ಲವೂ ಆರಿದ ಮೇಲೆ ಟಾಕಿಯ ನೆತ್ತಿಯಲ್ಲಿ, ಚರ್ಮದ ಬಿಲ್ಲೆ ಹಾಕಿ ಸ್ಕ್ರೂ ಬಿಗಿದ ಜಾಗದಲ್ಲಿ, ಒಂದೇ ಒಂದು ಗುಳ್ಳೆ ಉಬ್ಬಿ ಒಡೆಯಿತು. ಇನ್ನೊಂದು ಉಬ್ಬಿತು. ಅದನ್ನು ಕಂಡು ನನಗಾದ ಆನಂದ ನನ್ನ ಲಗ್ನದಲ್ಲೂ ಆಗಿರಲಿಲ್ಲ. ಸ್ಕ್ರೂಗಳನ್ನು ಕೈ ನೋಯುವಷ್ಟು ಬಿಗಿದೆ. ಗುಳ್ಳೆ ನಿಂತಿತು, ವಾಸನೆಯೂ ನಿಂತಿತು. ಇಷ್ಟು ವರ್ಷ ತೆಪ್ಪಗಿದ್ದ ಆವಿ ಈಗೇಕೆ ಅಲ್ಲಿ ನುಗ್ಗಿ ಬಂತು ಎಂಬುದು ಮಾತ್ರ ತಿಳಿಯಲಿಲ್ಲ. ತಿಳಿದುಕೊಳ್ಳುವ ಉಮೇದೂ ಇರಲಿಲ್ಲ.

ಮೈತುಂಬ ನೊರೆ ಹೊತ್ತು ನಿಂತ ಮೋಟಾರನ್ನು ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡಿದಳು.

“ಯುಗಾದಿ ಇನ್ನೂ ನಾಡದ ಐತಿ, ಇದಕ್ಕ ಇವತ್ತ ತಲಿ ಎರದು ಮುಗಿಸಿದ್ರಿ. ಇನ್ನ ಇದರ ಕೂಡನ ಹಬ್ಬಾ ಮಾಡ್ರಿ.”

ಹುಕ್ಕೇರಿಯ ದಾರಿ

ಮರುದಿನ ಅಮಾವಾಸ್ಯೆ. ಬೆಲ್ಲ ಹೇರಿಕೊಂಡು ಹುಕ್ಕೇರಿಗೆ ಹೊರಟೆವು. ಸಾವುಕಾರ್ರು ಗಾಳಿ ಮೂಸಿ ಮೂಸಿ ನೋಡಿದರು, ಏನೂ ಇಲ್ಲ. ನಾನು ಗೆದ್ದೆನೆಂದು ಬೀಗುತ್ತಿದ್ದೆ. ಬೆಲ್ಲದ ಬಾಗೇವಾಡಿ ದಾಟುತ್ತಲೇ ಇಂಜಿನ್ ಕೆಮ್ಮಿತು, ನಡುಗಿತು, ನಿಂತಿತು.

“ಎಣ್ಣಿ ಖಾಲಿ ಆತು!” ಎಂದು ಸಾವುಕಾರ್ರು ಸಿಡಿದರು. “ಈಗ ಏನಂತೀ? ಮುಚ್ಚಳಾ ತಗಿ, ನನ್ನ ಕಣ್ಣ ಮುಂದ ತಗಿ!”

ತಿರುಗಿಸಿದೆ. ಮುಚ್ಚಳ ಸುಸ್ಸೆಂದು ಉಸಿರೆಳೆದುಕೊಂಡಿತು. ಒಳಗೆ ಎಣ್ಣೆ ಬೇಕಾದಷ್ಟಿತ್ತು. ಮುಚ್ಚಿ, ಹ್ಯಾಂಡಲ್ ತಿರುಗಿಸಿದೆ, ಇಂಜಿನ್ ಎದ್ದಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮುಚ್ಚಳ ತೆಗೆದೆ, ಸುಸ್ಸೆಂದಿತು, ಎದ್ದಿತು, ಓಡಿತು, ನಿಂತಿತು. ಸಾವುಕಾರ್ರು ಸಿಟ್ಟು ಇಳಿದು ಕಣ್ಣು ಪಿಳಿಪಿಳಿ ಮಾಡತೊಡಗಿದರು. ಪಕ್ಕದಲ್ಲಿ ಒಬ್ಬ ರೈತ ಎತ್ತಿನ ಗಾಡಿ ನಿಲ್ಲಿಸಿ ಇದನ್ನೆಲ್ಲ ನೋಡಿ, “ನಮ್ಮ ಎತ್ತಿಗೆ ಮುಚ್ಚಳನ ಇಲ್ರಿ ಸಾವುಕಾರ್ರ, ಅದಕ್ಕ ತ್ರಾಸ ಇಲ್ಲ,” ಎಂದು ಮುಂದೆ ಹೋದ.

ನಾನು ಮುಚ್ಚಳವನ್ನು ಅಂಗೈಯಲ್ಲಿಟ್ಟು ನೋಡಿದೆ. ಅದರ ನಡುವೆ ಗಾಳಿಯಾಡಲು ಒಂದು ಸಣ್ಣ ತೂತು ಇರಬೇಕು. ಇರಲಿಲ್ಲ. ಅದರ ಜಾಗದಲ್ಲಿ ಗಾರೆಯಂತೆ ಗಟ್ಟಿಯಾದ ವಿಭೂತಿ ಇತ್ತು.

ಸಾವುಕಾರ್ರು ದಿನಾ ಪೂಜೆ ಮುಗಿಸಿ ಬಂದು ಮೋಟಾರಿಗೂ ಮೂರು ಬೆರಳಿನಿಂದ ನೀರಲ್ಲಿ ಕಲಸಿದ ವಿಭೂತಿ ಎಳೆಯುತ್ತಿದ್ದರು. ಮೊದಲು ಇಂಜಿನಿನ ಹೊದಿಕೆಗೆ ಎಳೆಯುತ್ತಿದ್ದರು. ಕಾವಿಗೆ ಉದುರುತ್ತದೆಂದು ನೊಂದು, ದೀಪಾವಳಿಯಾದ ಮೇಲೆ ತಂಪಾದ ಜಾಗ ಹುಡುಕಿ ಈ ಮುಚ್ಚಳಕ್ಕೆ ಬಂದಿದ್ದರು. ಅಂದಿನಿಂದ ದಿನಕ್ಕೊಂದು ಪದರ. ತೂತು ಮುಚ್ಚಿದ್ದರಿಂದ ಬಿಸಿಲಿಗೆ ಎದ್ದ ಆವಿ ಬೇರೆ ದಾರಿಯಿಲ್ಲದೆ ಸೀಟಿನ ಕೆಳಗೆ ನುಗ್ಗಿತ್ತು. ಆ ದಾರಿಯನ್ನೂ ನಾನು ಬಿಗಿದು ಮುಚ್ಚಿದಾಗ ಟಾಕಿಯೊಳಕ್ಕೆ ಗಾಳಿ ಹೋಗುವುದೇ ನಿಂತು, ಎಣ್ಣೆ ಇಂಜಿನಿಗೆ ಇಳಿಯದಾಯಿತು.

ಜಾಲಿಮುಳ್ಳು ತಂದು ಕೆದಕಲು ಹೋದೆ.

“ಏಯ್! ವಿಭೂತಿ ಕೆರೀತೀಯೇನೋ ಪಾಪಿ!”

“ಸಾವುಕಾರ್ರ, ಇಲ್ಲೊಂದು ತೂತು ಐತ್ರಿ.”

“ಎಲ್ಲಿ?”

“ನಿಮ್ಮ ನಡುಬೆರಳಿನ ಕೆಳಗ್ರಿ.”

ಅವರು ಬಹಳ ಹೊತ್ತು ಮುಚ್ಚಳವನ್ನೂ ತಮ್ಮ ಬೆರಳನ್ನೂ ನೋಡಿದರು.

“ಶಿವನ ವಿಭೂತಿ ಗಾಡಿ ನಿಲ್ಲಸತೈತೇನೋ?”

“ವಿಭೂತಿ ನಿಲ್ಲಸಾಂಗಿಲ್ರಿ. ದಪ್ಪ ಹಚ್ಚೂದು ನಿಲ್ಲಸತೈತ್ರಿ.”

ಅವರೇ ಮುಳ್ಳು ಇಸಿದುಕೊಂಡು ಕೆದಕಿದರು. ತೂತು ತೆರೆಯಿತು. ಉದುರಿದ ಪುಡಿಯನ್ನು ನೆಲಕ್ಕೆ ಬೀಳಗೊಡದೆ ಅಂಗೈಯಲ್ಲಿ ಹಿಡಿದು, ಭಕ್ತಿಯಿಂದ ಪೂರ್ತಿ ತಮ್ಮ ಹಣೆಗೇ ಬಳಿದುಕೊಂಡರು. ದೀಪಾವಳಿಯಿಂದ ಪೆಟ್ರೋಲಿನ ಆವಿ ಕುಡಿದ ವಿಭೂತಿ ಅದು. ಹುಕ್ಕೇರಿಯಲ್ಲಿ ಬೆಲ್ಲ ಕೊಳ್ಳುವವರು ಮಾತಾಡಿಸಲು ಹತ್ತಿರ ಬಂದರು, ಮೂಗು ಅರಳಿಸಿದರು, ಎರಡು ಹೆಜ್ಜೆ ಹಿಂದೆ ಸರಿದು ಬೀಡಿ ಆರಿಸಿದರು.

ಯುಗಾದಿಯ ಬೆಳಗು

ಗಡುವಿನ ದಿನ. ಸಾವುಕಾರ್ರ ಹೆಂಡತಿಯ ತಮ್ಮ ಹೊಸ ಅಂಗಿ ತೊಟ್ಟು, ತಲೆಗೆ ಎಣ್ಣೆ ಬಳಿದು, ಮೋಟಾರು ಹೊಡೆಯಲು ಬಂದೇಬಿಟ್ಟಿದ್ದ. ಹಿಂದಿನ ದಿನ ಹುಕ್ಕೇರಿಯಿಂದ ಮೂಡಲಗಿಯವರೆಗೆ ಸಾವುಕಾರ್ರು ನನ್ನ ನೌಕರಿಯ ವಿಷಯ ಎತ್ತಿರಲಿಲ್ಲ.

ಅವರು ಹೊರಗೆ ಬಂದು ಭಾವಮೈದುನನ ಕೈಗೆ ಬೇವುಬೆಲ್ಲ ಕೊಟ್ಟು, “ತಿಂದು ಊರಿಗೆ ನಡಿ. ಇಲ್ಲಿ ಡ್ರೈವರ್ ಇದ್ದಾನ,” ಅಂದರು. ಅವನ ಬಾಯಿ ಕಹಿಯಾದದ್ದು ಬೇವಿನಿಂದಲೋ ಮಾತಿನಿಂದಲೋ ನಾನು ಕೇಳಲಿಲ್ಲ.

ಆಮೇಲೆ ವಿಭೂತಿಯ ಕೈಯೆತ್ತಿಕೊಂಡು ಮೋಟಾರಿನ ಮುಂದೆ ನಿಂತರು. ಕೈ ಮುಚ್ಚಳದ ಕಡೆ ಹೋಯಿತು, ಸರಕ್ಕನೆ ಹಿಂದೆ ಬಂತು.

“ಈ ದೀಪದಾಗ ತೂತು ಐತೇನು?”

“ಗೊತ್ತಿಲ್ರಿ.”

“ಈ ಬಾಗಲದಾಗ?”

“ಕೀಲಿ ಹಾಕೂದು ಐತ್ರಿ.”

ಹಿಂದೆ ಹೋದರು, ಬಗ್ಗಿ ನೋಡಿದರು, ಮುಂದೆ ಬಂದರು. ಎಲ್ಲಿ ನೋಡಿದರೂ ಒಂದು ತೂತು. ಹಬ್ಬದ ದಿನ ಕೈಯಲ್ಲಿನ ವಿಭೂತಿ ಒಣಗಿ ಹೋಗುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿದರು.

“ಇಲ್ಲಿ ಬಾರೋ. ಕಳ್ಳ ಅಂದಿದ್ದೆ ನಿನಗ. ತಪ್ಪಾತು.”

ತಲೆ ಬಗ್ಗಿಸಿ ನಿಂತೆ. ಮೂರು ಬೆರಳು ಹಣೆಯ ಹತ್ತಿರ ಬಂದು ಹಾಗೇ ನಿಂತವು. ಸಾವುಕಾರ್ರು ಎಡಗೈಯಿಂದ ನನ್ನ ಹಣೆಯನ್ನು ಈ ಕಿವಿಯಿಂದ ಆ ಕಿವಿಯವರೆಗೆ ಸವರಿ ನೋಡಿದರು.

“ಹಚ್ಚೂಕಿಂತ ಮೊದಲ ಖರೆ ಹೇಳಿಬಿಡು ತಮ್ಮಾ. ಇಲ್ಲಿ ಏನೂ ತೂತು ಇಲ್ಲಲ್ಲ?”