ಗಿರಣಿಯವಳು ವಾರ್ಡ್ ಸಮಿತಿಗೆ ಕುಂತದ್ದು

ಓಣಿ ಸುಧಾರಿಸುತ್ತೇವೆ ಅಂತ ನಾಲ್ಕು ಮಂದಿ ಕೂಡಿದರೆ ಅದು ಎಲ್ಲೋ ಒಂದು ಕಡೆ ನಗೆಪಾಟಲಾಗದೆ ಮುಗಿಯುವುದಿಲ್ಲ. ನನಗೆ ಈಗ ನಗಲಿಕ್ಕೂ ದಣಿವಾಗಿದೆ, ಆದರೂ ಹೇಳುತ್ತೇನೆ.

ಗೋಕಾಕದ ಹಳೆಯ ಓಣಿಯೊಂದರಲ್ಲಿ ನಾನು ಹಿಟ್ಟಿನ ಗಿರಣಿ ನಡೆಸುತ್ತೇನೆ. ನಮ್ಮ ಓಣಿಯ ರಸ್ತೆ, ಗಟಾರ ಎಲ್ಲ ಹೊಸದಾಗಿ ಮಾಡುವ ಯೋಜನೆ ಬಂದಾಗ ವಾರ್ಡ್ ಸಮಿತಿಗೆ ಒಬ್ಬ ಹೆಣ್ಣುಮಗಳು ಬೇಕಾಗಿತ್ತು. ಮೂಡಲಗಿ ಕಡೆಯ ಎಂಜಿನಿಯರ್ ಸಾಹೇಬರು ಗಿರಣಿಗೆ ಬಂದು, "ಅಕ್ಕಾರ, ನೀವು ಏನೂ ಮಾಡೂದು ಬ್ಯಾಡ. ಬರೇ ಬಂದು ಕುಂತ್ರ ಸಾಕು" ಅಂದರು. ದಿನವಿಡೀ ನಿಂತೇ ಕೆಲಸ ಮಾಡುವವಳು ನಾನು. ಕೂಡ್ರಲಿಕ್ಕೆ ಕರೆಯುತ್ತಿದ್ದಾರಲ್ಲ ಅಂತ ಒಪ್ಪಿಕೊಂಡೆ.

ಗಟಾರ

ಮೊದಲನೇ ಸಭೆ ಬಸವಣ್ಣನ ಗುಡಿಯ ಪಡಸಾಲೆಯಲ್ಲಿ. ಗಟಾರ ರಸ್ತೆಯ ಯಾವ ಬಾಜೂ ಇರಬೇಕು ಅನ್ನುವುದು ವಿಷಯ. ಗಟಾರ ಬೇಡ ಅನ್ನುವವರು ಒಬ್ಬರೂ ಇಲ್ಲ. ಎಡಗಡೆ ಮನೆಯವರು ಬಲಕ್ಕೆ ಇರಲಿ ಅಂದರು, ಬಲಗಡೆಯವರು ಎಡಕ್ಕೆ ಇರಲಿ ಅಂದರು. ಎರಡು ಸಲ ಚಹಾ ಆದರೂ ಗಟಾರ ಎತ್ತಲೂ ಸರಿಯಲಿಲ್ಲ. ಕೊನೆಗೆ ಕಿರಾಣಿ ಅಂಗಡಿಯ ಕಾಕಾ ಎದ್ದು ನಿಂತರು.

"ಇತ್ತಾಗೂ ಬ್ಯಾಡ, ಅತ್ತಾಗೂ ಬ್ಯಾಡ. ನಟ್ಟ ನಡುವ ಹಾಕ್ರಿ."

ಎಂಜಿನಿಯರ್ ಹಣೆ ಒರೆಸಿಕೊಂಡರು. "ಕಾಕಾರ, ರಸ್ತಾದ ನಡುವ ಗಟಾರ ಹಾಕಿದ್ರ ಗಾಡಿ ಎಲ್ಲಿ ಹೋಗ್ಬೇಕ್ರಿ?"

"ಈ ತಗ್ಗಿನ್ಯಾಗ ಈಗರೆ ಎಲ್ಲಿ ಗಾಡಿ ಬರಾಕತ್ತಾವ್ರಿ? ಬಂದಾಗ ನೋಡೂಣಂತ."

ಆ ದಿನ ಇಡೀ ಸಭೆ ಒಪ್ಪಿದ ಮಾತು ಅದೊಂದೇ.

ಕೆಂಪು ಗೆರೆ

ರಸ್ತೆ ಅಗಲ ಮಾಡಲು ಅಳತೆಯವರು ಬಂದು, ಎಲ್ಲಿಯ ತನಕ ಒಡೆಯಬೇಕೋ ಅಲ್ಲಿಗೆ ಗೋಡೆಗಳ ಮೇಲೆ ಕೆಂಪು ಗೆರೆ ಎಳೆದು ಹೋದರು. ಮರುದಿನ ನೋಡಿದರೆ ಒಂದು ಗೆರೆಯೂ ಇಲ್ಲ. ಇಡೀ ಓಣಿ ಸುಣ್ಣ ಹಚ್ಚಿಕೊಂಡು ಬೆಳ್ಳಗೆ ನಿಂತಿತ್ತು. ಕೇಳಿದರೆ, "ಹಬ್ಬ ಹತ್ರ ಬಂತಲ್ರಿ" ಅಂದರು. ಯಾವ ಹಬ್ಬ ಅಂತ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ, ಗೆರೆ ಬಿದ್ದವರಿಗೆ ಪರಿಹಾರ ಸಿಗುತ್ತದಂತೆ ಅಂತ ಸುದ್ದಿ ಎದ್ದಿತು. ನನ್ನ ಗಿರಣಿಯಲ್ಲಿ ಹಿಟ್ಟಿಗಿಂತ ಸುದ್ದಿ ನುಣ್ಣಗೆ ಬೀಳುತ್ತದೆ. ವಾರದೊಳಗೆ ಗೆರೆಗಳು ವಾಪಸ್ ಬಂದವು, ಮೊದಲಿದ್ದ ಜಾಗದಲ್ಲಲ್ಲ, ಇನ್ನಷ್ಟು ಒಳಗೆ. ಅಳತೆಯವರು ತಿರುಗಿ ಬಂದಾಗ ಒಬ್ಬ ಹಿರಿಯರು ಅವರನ್ನು ಕೈಹಿಡಿದು ಪಡಸಾಲೆ ದಾಟಿಸಿ, ಅಡಿಗೆಮನೆ ದಾಟಿಸಿ, ಹಿತ್ತಲ ಗೋಡೆಯ ಮೇಲಿನ ಗೆರೆ ತೋರಿಸಿದರು.

ಅಳತೆಯವನು ಟೇಪು ಸುತ್ತಿಕೊಂಡ. "ಯಜಮಾನ್ರ, ಈ ಗೆರಿ ಖರೆ ಆದ್ರ ನೀವೀಗ ರಸ್ತಾದಾಗ ನಿಂತೀರಿ. ಬಾಜೂ ಸರೀರಿ, ಬಸ್ ಬರ್ತೈತಿ."

ಹುಕ್ಕೇರಿ ಪ್ರವಾಸ

ನಮ್ಮ ಜಗಳಕ್ಕೆ ಬೇಸತ್ತ ಮೇಲಿನವರು, "ಹುಕ್ಕೇರಿಯಾಗ ಮಂದಿ ಎಷ್ಟ ಚಂದ ಕೂಡಿ ಓಣಿ ಸುಧಾರಿಸ್ಯಾರ, ನೋಡ್ಕೊಂಡು ಬರ್ರಿ" ಅಂತ ಸಮಿತಿಗೆ ಒಂದು ಟೆಂಪೋ ಮಾಡಿ ಕಳಿಸಿದರು. ಘಟಪ್ರಭಾದಲ್ಲಿ ಚಹಾಕ್ಕೆ ಇಳಿದೆವು. ಹೋಟೆಲಿನ ಮುಂದೆ ಆಗಲೇ ಇನ್ನೊಂದು ಟೆಂಪೋ ನಿಂತಿತ್ತು. ಅದರಿಂದ ಇಳಿದವರದೂ ನಮ್ಮಂಥದೇ ಸೋತ ಮುಖ. ಅವರಲ್ಲಿ ಒಬ್ಬ ಹೆಣ್ಣುಮಗಳು ಬಂದು ನನ್ನ ಬಾಜೂ ಕೂತಳು. ತವರು ದಡ್ಡಿ ಅನ್ನುವ ಊರು, ಕೊಟ್ಟದ್ದು ಹುಕ್ಕೇರಿಗೆ ಅಂತ ಹೇಳಿಕೊಂಡಳು.

"ಯಾವ ಕಡೆ ಹೊಂಟೀರಿ?" ಅಂದೆ.

"ಗೋಕಾಕಕ್ಕರಿ. ಅಲ್ಲಿ ವಾರ್ಡ್ ಸಮಿತಿಯವರು ಭಾಳ ಒಗ್ಗಟ್ಟಿಲೆ ಕೆಲಸ ಮಾಡ್ಯಾರಂತ. ನೋಡಿ ಕಲ್ಕೊಂಡು ಬರ್ರಿ ಅಂತ ಕಳಿಸ್ಯಾರ. ನೀವು?"

ನಾನು ಕಪ್ಪು ಕೆಳಗಿಟ್ಟೆ. "ನಾವು ಹುಕ್ಕೇರಿಗೆರಿ. ನಿಮ್ಮನ್ನ ನೋಡಾಕ."

ಆಕೆ ನನ್ನ ಮುಖ ಒಮ್ಮೆ, ನಮ್ಮ ಟೆಂಪೋ ಒಮ್ಮೆ ನೋಡಿದಳು.

"ಹಂಗಾದ್ರ ನೋಡಿದಂಗಾತಲ್ರಿ. ಇನ್ನೊಂದು ಚಹಾ ಕುಡುದು ಮನಿಗೆ ಹೋಗೂಣು."

ಕಟ್ಟೆ

ಗಿರಣಿಯ ಮುಂದೆ ನಮ್ಮ ಮಾವ ಕಟ್ಟಿಸಿದ ಕಲ್ಲಿನ ಕಟ್ಟೆಯೊಂದಿತ್ತು. ಜೋಳ ತಂದ ಹೆಂಗಸರು ಪಾಳಿ ಬರುವ ತನಕ ಕೂಡ್ರುವ ಜಾಗ ಅದೊಂದೇ. ಈಗ ಅದಿಲ್ಲ. ಹೋದ ರೀತಿ ಮಾತ್ರ ಹೇಳಲೇಬೇಕು.

ಕೆಂಪು ಗೆರೆ ಕಟ್ಟೆಯ ಹಿಂದೆ ಬಿದ್ದಿತ್ತು. ಸಮಿತಿಯ ಪರವಾಗಿ ಮನೆಮನೆಗೆ ಹೋಗಿ "ಒಂದೀಟು ಜಾಗಾ ಬಿಟ್ಟ ಕೊಡ್ರಿ" ಅಂದು ಬಂದವಳು ನಾನೇ. ನನ್ನ ಪಾಳಿ ಬಂದಾಗ ಬೇಡ ಅನ್ನಲು ಬಾಯಿ ಎಲ್ಲಿತ್ತು? ಒಡೆಯುವ ದಿನ ಮುಂಜಾನೆ ಎದ್ದು ಕಟ್ಟೆ ಗುಡಿಸಿ, ನೀರು ಹಾಕಿ ತೊಳೆದೆ. ಒಡೆಯುವುದನ್ನು ಯಾಕೆ ತೊಳೆದೆ ಅಂದರೆ ನನಗೂ ಹೇಳಲು ಬರುವುದಿಲ್ಲ.

ಜೆಸಿಬಿ ಬಂತು. ಮೇಲಿನ ತಂತಿ ತಾಗುತ್ತದೆ ಅಂತ ಕರೆಂಟ್ ತೆಗೆಸಿದರು. ಗಿರಣಿ ಗಕ್ಕನೆ ನಿಂತಿತು. ಕಟ್ಟೆಯ ಮೇಲಿದ್ದ ಹೆಂಗಸರು ಮಾತ್ರ ಏಳಲಿಲ್ಲ.

"ಏಳ್ರಿ ಅವ್ವಾರ" ಅಂದರು ಎಂಜಿನಿಯರ್.

"ನಮ್ಮ ಜ್ವಾಳ ಬೀಸಿ ಕೊಡ್ರಿ, ಏಳ್ತೇವಿ" ಅಂದಳು ಕೌಜಲಗಿಯ ಒಬ್ಬ ಮುದುಕಿ.

"ಕರೆಂಟ್ ಇಲ್ಲಲ್ರಿ."

"ಹಾಕಸ್ರಿ."

"ಹಾಕಿಸಿದ್ರ ಜೆಸಿಬಿ ಹಂತ್ಯಾಕ ಬರಂಗಿಲ್ರಿ."

"ಬರೂದು ಬ್ಯಾಡ ಬಿಡ್ರಿ."

ಎಂಜಿನಿಯರ್ ನನ್ನ ಕಡೆ ತಿರುಗಿದರು. "ಅಕ್ಕಾರ, ನೀವು ಸಮಿತಿಯವರು. ಒಂದ್ ಮಾತ ಹೇಳ್ರಿ ಇವರಿಗೆ." ಅಷ್ಟರಲ್ಲಿ ಅವರಿಗೆ ಫೋನ್ ಬಂತು. ದನಿ ತಗ್ಗಿಸಿ ಮಾತಾಡಿದರು, ಫೋನ್ ಕಿಸೆಗೆ ಹಾಕಿದರು, ಗಿರಣಿಯ ಒಳಗೆ ಇಣುಕಿದರು.

"ನಮ್ಮ ಮನಿಯವರು ಮುಂಜಾನೆ ಒಂದ್ ಚೀಲ ಗೋದಿ ಇಟ್ಟು ಹೋಗ್ಯಾರಂತ. ಆತೇನ್ರಿ?"

"ಪಾಳ್ಯಾಗ ಐತ್ರಿ" ಅಂದೆ.

ಸ್ವಲ್ಪ ಹೊತ್ತಿನಲ್ಲೇ ಕರೆಂಟ್ ಬಂತು. ಎಲ್ಲರದೂ ಬೀಸಿ ಮುಗಿಯುವಾಗ ಸಂಜೆ. ಜೆಸಿಬಿ ಬಂದ ಹಾದಿ ಹಿಡಿಯಿತು.

ಮರುದಿನ ಮುಂಜಾನೆ ಅದು ತಿರುಗಿ ಬಂದಾಗ ಮನಸ್ಸು ಗಟ್ಟಿ ಮಾಡಿಕೊಂಡು ಬಾಗಿಲಲ್ಲಿ ನಿಂತೆ. ಅದರ ಬಕೆಟ್ ಮೆಲ್ಲಗೆ ಕೆಳಗಿಳಿಯಿತು. ಬಕೆಟ್ಟಿನೊಳಗೆ ಒಂದು ಚೀಲ. ಕುಲಗೋಡದ ಡ್ರೈವರ್ ಇಳಿದು ಬಂದು ನಾಚಿಕೊಂಡೇ ಅಂದ: "ಅಕ್ಕಾರ, ನಮ್ಮವ್ವ ಜ್ವಾಳ ಕೊಟ್ಟ ಕಳಿಸ್ಯಾಳ. ಇದೊಂದು ಬೀಸಿ ಕೊಡ್ರಿ, ಆಮ್ಯಾಲೆ ಒಡೀತೇನಿ."

ಆಗಲೇ ಬಂದು ಕೂತಿದ್ದ ಹೆಂಗಸರು ಬಿಡಲಿಲ್ಲ. "ಪಾಳಿ ಹಚ್ಚಪಾ. ನಮ್ಮ ಹಿಂದ."

ಅವನು ಅತ್ತಿತ್ತ ನೋಡಿದ. ಬೇರೆ ಜಾಗ ಎಲ್ಲಿದೆ? ಕಟ್ಟೆಯ ತುದಿಗೆ ಕೂತ. ಒಬ್ಬಾಕೆ ಎಲೆ-ಅಡಿಕೆ ಕೊಟ್ಟಳು, ಹಾಕಿಕೊಂಡ. ಕಾಲು ಮೇಲೆ ತೆಗೆದುಕೊಂಡು ಗೋಡೆಗೆ ಒರಗಿದ. ಮದುವೆ ಆಗಿದೆಯೋ ಇಲ್ಲವೋ ಅಂತ ಅವರು ವಿಚಾರಿಸಿದರು, ಅವನು ಹೇಳಿದ. ಅವನ ಪಾಳಿ ಬಂದು, ಹಿಟ್ಟು ಚೀಲಕ್ಕೆ ಬಿದ್ದಾಗ ಬಿಸಿಲು ಏರಿತ್ತು. ಅವನು ಒಲ್ಲದ ಮನಸ್ಸಿನಿಂದ ಎದ್ದು ಕಲ್ಲಿನ ಮೇಲೆ ಕೈಯಾಡಿಸಿದ.

"ಭಾಳ ತಂಪ ಐತ್ರಿ ಅಕ್ಕಾರ. ಇಂಥಾ ಚಲೋ ಕಟ್ಟಿ ಯಾರರೆ ಒಡೀತಾರೇನ್ರಿ?"

ನಾನು ಅವನ ಜೆಸಿಬಿ ಕಡೆ ಬೊಟ್ಟು ಮಾಡಿದೆ.