ಶೇಕಡಾ ತೊಂಬತ್ತೆರಡು ಅಜ್ಜಿ

ಪರರ ಪದಗಳನ್ನು ಪತ್ತೆಹಚ್ಚುವುದರಲ್ಲಿ ಅಹೋರಾತ್ರಿ ನಿರತರಾಗಿರುವ, ನನ್ನ ಮೊಮ್ಮಗಳ ಶಾಲೆಯ ನಕಲು ಪತ್ತೆ ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ಮೂವತ್ನಾಲ್ಕು ವರ್ಷ ಭಾಷಾ ಶಿಕ್ಷಕಿಯಾಗಿದ್ದು ನಿವೃತ್ತಳಾದ ನನ್ನ ಸವಿನಯ ವಂದನೆಗಳನ್ನು, ತಮಗೆ ಕೈಗಳಿಲ್ಲದಿದ್ದರೂ, ಸ್ವೀಕರಿಸಬೇಕು. ನನ್ನ ಕೆಂಪು ಶಾಯಿಗೆ ಮಿಗಿಲಾದದ್ದಿಲ್ಲವೆಂಬ ಹೆಮ್ಮೆಯನ್ನು ತಾವು ಕಳೆದ ಸೋಮವಾರ ಇಳಿಸಿದಿರಿ. ಒಂಬತ್ತನೆಯ ತರಗತಿಯ ನನ್ನ ಮೊಮ್ಮಗಳು ಬರೆದ ‘ನನ್ನ ಅಜ್ಜಿ’ ಪ್ರಬಂಧದಲ್ಲಿ ಶೇಕಡಾ ತೊಂಬತ್ತೆರಡು ಭಾಗ ಕದ್ದದ್ದೆಂದು ತಾವು ಗೆರೆ ಎಳೆದಿರಿ. ಅದನ್ನು ನಂಬಿ ಮುಖ್ಯೋಪಾಧ್ಯಾಯರು ಅವಳನ್ನು ಶಾಲೆಯ ಪ್ರಬಂಧ ಸ್ಪರ್ಧೆಯಿಂದ ಕೈಬಿಟ್ಟು, ವಾರದೊಳಗೆ ಸ್ವಂತವಾಗಿ ಬರೆಯದಿದ್ದರೆ ಅಂಕ ಸೊನ್ನೆ ಎಂದು ಚೀಟಿ ಕಳುಹಿಸಿದರು.

ಗದರಿಸುವುದಕ್ಕೆಂದೇ ಕನ್ನಡಕ ಏರಿಸಿ ಪ್ರಬಂಧ ಓದಿದೆ. ಬೆಳ್ಳಿಯಂತಹ ಕೂದಲು, ಹಾಲಿನಂತಹ ಮನಸ್ಸು, ದಿನಕ್ಕೊಂದು ನೀತಿಕಥೆ. ನಾನು ಕೂದಲಿಗೆ ತಪ್ಪದೆ ಬಣ್ಣ ಹಚ್ಚುವವಳು, ಕಥೆ ಹೇಳುವ ಅಭ್ಯಾಸವಂತೂ ಇಲ್ಲವೇ ಇಲ್ಲ. ಈ ಅಜ್ಜಿ ನಾನಲ್ಲ. ಆದರೆ ಇವಳನ್ನು ಹೆತ್ತವಳು ನಾನೇ! ಪ್ರತಿವರ್ಷ ತರಗತಿಯಲ್ಲಿ ನಾನು ಬರೆಸುತ್ತಿದ್ದ ಮಾದರಿ ಪ್ರಬಂಧವನ್ನು ಯಾವನೋ ಹಳೆಯ ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಅಂತರ್ಜಾಲಕ್ಕೆ ಏರಿಸಿದ್ದಾನೆ. ಮೊಮ್ಮಗಳು ಅಲ್ಲಿಂದ ಇಳಿಸಿಕೊಂಡಿದ್ದಾಳೆ.

ಅದು ನನ್ನದೆಂದು ಗುಡುಗಿದರೆ, “ಹಾಗಾದ್ರೆ ಮನೇದೇ ಆಯ್ತಲ್ಲ ಅಜ್ಜೀ, ಕಳ್ತನ ಹೇಗಾಗತ್ತೆ?” ಎಂದಳು. ನನ್ನ ಬಗ್ಗೆಯೇ ಏಕೆ ಬರೆಯಲಿಲ್ಲವೆಂದು ಕೇಳಿದ್ದಕ್ಕೆ, “ನಿಮ್ಮ ಬಗ್ಗೆ ನಿಜ ಬರೆದ್ರೆ ಮಾರ್ಕ್ಸ್ ಬರತ್ತಾ?” ಎಂದುಬಿಟ್ಟಳು.

ಆ ಮಾತು ನಾಟಿತು, ಮಾನ್ಯರೇ. ಅಕ್ಷರ ಬಿಡದೆ ಒಪ್ಪಿಸಿದವರಿಗೆ ಹತ್ತಕ್ಕೆ ಹತ್ತು ಕೊಟ್ಟವಳು ನಾನು. ಒಮ್ಮೆ ಹುಡುಗಿಯೊಬ್ಬಳು, ತನ್ನ ಅಜ್ಜಿ ಕದ್ದು ಸಕ್ಕರೆ ಮುಕ್ಕುತ್ತಾಳೆ, ಸಿಕ್ಕಿಬಿದ್ದರೆ ತಪ್ಪನ್ನು ಬೆಕ್ಕಿನ ಮೇಲೆ ಹಾಕುತ್ತಾಳೆ ಎಂದು ಬರೆದಾಗ, ‘ಮಾದರಿಯಂತಿಲ್ಲ’ ಎಂದು ಷರಾ ಬರೆದು ಎರಡೇ ಅಂಕ ಕೊಟ್ಟೆ. ಸಾವಿರಾರು ಬೆಳ್ಳಿಕೂದಲಿನ ಅಜ್ಜಿಯರನ್ನು ತಿದ್ದಿದ ನನಗೆ ಇಂದು ನೆನಪಿರುವವಳು ಆ ಸಕ್ಕರೆ ಕಳ್ಳಿ ಒಬ್ಬಳೇ.

ಆದ್ದರಿಂದ, ಸರ್ವಜ್ಞರಾದ ತಾವು ದಯಮಾಡಿ ಕಾಲದಲ್ಲಿ ಹಿಂದಕ್ಕೆ ಹೋಗಿ, ನನ್ನ ಆ ಷರಾದ ಮೇಲೊಂದು ಕೆಂಪು ಗೆರೆ ಎಳೆದು, ಹುಡುಗಿಗೆ ಉಳಿದ ಎಂಟು ಅಂಕ ಕೊಡಿಸಿ ಬರಬೇಕು. ಬರುವ ದಾರಿಯಲ್ಲಿ, ಮುಖ್ಯೋಪಾಧ್ಯಾಯರು ವರ್ಷವರ್ಷವೂ ಓದುವ ಅದೇ ಸ್ವಾಗತ ಭಾಷಣದ ಮೇಲೂ ಒಮ್ಮೆ ಕಣ್ಣಾಡಿಸಿದರೆ ಉಪಕಾರವಾಗುತ್ತದೆ. ಮೊಮ್ಮಗಳ ಹೊಸ ಪ್ರಬಂಧ ಇಂದು ತಮ್ಮ ಮುಂದಿದೆ. ಅದರಲ್ಲಿ ಹನ್ನೊಂದು ಕಾಗುಣಿತದ ತಪ್ಪುಗಳಿವೆ. ತಿದ್ದಿದರೆ ನನ್ನದಾಗಿಬಿಡುವುದೆಂದು, ಜೀವಮಾನದಲ್ಲಿ ಮೊದಲ ಬಾರಿಗೆ, ಕೈಕಟ್ಟಿ ಕುಳಿತಿದ್ದೆ.

ತಮ್ಮ ವಿಶ್ವಾಸಿ
(ಈ ಎರಡು ಪದಗಳು ಎರವಲು, ಗುರುತು ಹಾಕಿಕೊಳ್ಳಿ),
ನಿವೃತ್ತ ಭಾಷಾ ಶಿಕ್ಷಕಿ

ಕಡೆಗೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ವರದಿ ಬಂತು: ನಕಲು ಸೊನ್ನೆ. ಧನ್ಯವಾದಗಳು. ಆದರೆ ತಮ್ಮ ಕಣ್ಣನ್ನೂ ತಪ್ಪಿಸಿಕೊಂಡ ನಕಲು ಒಂದಿದೆ. ‘ನನ್ನ ಅಜ್ಜಿ ಹಾವು-ಏಣಿ ಆಟದಲ್ಲೂ ಮೋಸ ಮಾಡುತ್ತಾರೆ’ ಎಂಬುದು ಮೊಮ್ಮಗಳ ಸ್ವಂತದ್ದು, ಒಪ್ಪಿದೆ. ‘ಸತ್ತರೂ ತಪ್ಪು ಒಪ್ಪಿಕೊಳ್ಳುವವರಲ್ಲ’ ಎಂಬ ಮುಂದಿನ ವಾಕ್ಯ ಮಾತ್ರ ನನ್ನ ಮಗಳದು. ಅಡುಗೆಮನೆಯಲ್ಲಿ ನನ್ನ ಬೆನ್ನ ಹಿಂದೆ ದಿನವೂ ಅಕ್ಷರ ಬಿಡದೆ ಅದನ್ನೇ ಹೇಳುತ್ತಾಳೆ.